ಹಳೆಯ ಮೋಟರ್‌ಹೋಮ್‌ನ ಟ್ರಾನ್ಸ್‌ಮಿಷನ್‌ಗೆ ಹೊರಗಿನ ಫಿಲ್ಟರ್ ಜೋಡಿಸುವ ಕ್ರಮ

1973ರಿಂದ 1978ರವರೆಗೆ ತಯಾರಾದ ಜಿಎಂಸಿ ಮೋಟರ್‌ಹೋಮ್ (ಒಳಗೆ ವಾಸಿಸುವ ಸೌಕರ್ಯವಿರುವ ಗಾಡಿ) ಆಗಿರಲಿ, ಅದೇ ಕಾಲದಲ್ಲಿ ಡಾಡ್ಜ್, ಫೋರ್ಡ್ ಅಥವಾ ಷೆವ್ರೊಲೆ ಷಾಸಿಯ ಮೇಲೆ ಕಟ್ಟಿದ ಬೇರೆ ಗಾಡಿಯಾಗಿರಲಿ, ಅದರ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ನಿನ, ಅಂದರೆ ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸಿನ, ಎಣ್ಣೆಯನ್ನು ಸೋಸಲು ತಯಾರಕರು ಕೊಟ್ಟಿದ್ದು ಒಂದೇ ಒಂದು ಫಿಲ್ಟರ್. ಅದು ತಳದ ಪ್ಯಾನ್‌ನೊಳಗೆ, ಪಂಪು ಎಣ್ಣೆ ಹೀರಿಕೊಳ್ಳುವ ಬಾಯಿಯಲ್ಲಿ ಇರುತ್ತದೆ. ಹೀರುವ ಬದಿಯಲ್ಲಿರುವ ಫಿಲ್ಟರಿನ ರಂಧ್ರಗಳು ತೀರಾ ಸೂಕ್ಷ್ಮವಾಗಿರುವಂತಿಲ್ಲ. ಅವು ಸೂಕ್ಷ್ಮವಾದಷ್ಟೂ ಎಣ್ಣೆ ಎಳೆದುಕೊಳ್ಳಲು ಪಂಪು ತಿಣುಕುತ್ತದೆ, ಎಣ್ಣೆಯ ಜೊತೆ ಗಾಳಿಗುಳ್ಳೆ ಸೇರುತ್ತದೆ, ಒತ್ತಡ ಬೀಳುತ್ತದೆ. ಆದ್ದರಿಂದ ಅಲ್ಲಿ ಒರಟಾದ ಜಾಲರಿಯನ್ನೋ ಫೆಲ್ಟಿನಂಥ ವಸ್ತುವನ್ನೋ ಇಟ್ಟು, ದೊಡ್ಡ ಚೂರುಗಳನ್ನಷ್ಟೇ ತಡೆಯುವ ಏರ್ಪಾಡು ಮಾಡಲಾಗಿದೆ. ಕ್ಲಚ್ ಪ್ಲೇಟುಗಳಿಂದ ಉದುರುವ ಕಪ್ಪು ಹುಡಿ, ಗೇರುಗಳಿಂದ ಸವೆದು ಬರುವ ಉಕ್ಕಿನ ಪುಡಿ, ಬುಷ್‌ಗಳಿಂದ (ತಿರುಗುವ ದಂಡಗಳಿಗೆ ಆಸರೆಯಾಗಿರುವ ಬಳೆಗಳು) ಬರುವ ಕಂಚಿನ ಪುಡಿ ಇವೆಲ್ಲ ಆ ಜಾಲರಿಯನ್ನು ದಾಟಿ ವರ್ಷಗಟ್ಟಲೆ ಎಣ್ಣೆಯ ಜೊತೆ ಸುತ್ತುತ್ತಲೇ ಇರುತ್ತವೆ. ನಾಲ್ಕೈದು ಟನ್ ತೂಕವನ್ನು ಬಿಸಿಲಿನಲ್ಲಿ, ಏರುದಾರಿಯಲ್ಲಿ ಎಳೆಯುವ ಐವತ್ತು ವರ್ಷ ಹಳೆಯ ಯಂತ್ರಕ್ಕೆ ಈ ಪುಡಿ ನಿಜವಾಗಿಯೂ ಹಾನಿಕರ.

ಒತ್ತಡದ ಬದಿಯಲ್ಲಿ, ಅಂದರೆ ಕೂಲರಿಗೆ ಹೋಗಿಬರುವ ಪೈಪಿನಲ್ಲಿ, ಇನ್ನೊಂದು ಫಿಲ್ಟರ್ ಜೋಡಿಸಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಕೆಲಸ ಕಷ್ಟದ್ದಲ್ಲ, ಆದರೆ ತಪ್ಪಾಗಿ ಮಾಡಿದರೆ ಫಿಲ್ಟರ್ ಇಲ್ಲದಿದ್ದಾಗ ಹತ್ತು ವರ್ಷದಲ್ಲಿ ಆಗಬಹುದಾಗಿದ್ದ ಹಾನಿ ಹತ್ತು ಕಿಲೋಮೀಟರಿನಲ್ಲಿ ಆಗಬಹುದು. ಹಾಗೇಕೆ ಎಂಬುದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ತಿಳಿದುಕೊಳ್ಳಬೇಕು.

ಎಣ್ಣೆ ಸಾಗುವ ದಾರಿ

ಪಂಪಿನಿಂದ ಹೊರಟ ಎಣ್ಣೆ ಒತ್ತಡ ನಿಯಂತ್ರಿಸುವ ವಾಲ್ವನ್ನು ದಾಟಿ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಹೋಗುತ್ತದೆ. ಗಾಡಿಯಲ್ಲಿ ಉತ್ಪತ್ತಿಯಾಗುವ ಎಣ್ಣೆಯ ಬಿಸಿಯಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಈ ಕನ್ವರ್ಟರಿನಲ್ಲಿ. ಅಲ್ಲಿಂದ ಹೊರಬಂದ ಬಿಸಿ ಎಣ್ಣೆ ಒಂದು ಪೈಪಿನ ಮೂಲಕ ರೇಡಿಯೇಟರಿನ ತೊಟ್ಟಿಯೊಳಗಿನ ಕೂಲರಿಗೆ ಹೋಗಿ, ತಣ್ಣಗಾಗಿ, ಇನ್ನೊಂದು ಪೈಪಿನಲ್ಲಿ ಹಿಂದಿರುಗುತ್ತದೆ. ಹಿಂದಿರುಗಿದ ಎಣ್ಣೆ ನೇರವಾಗಿ ಪ್ಯಾನ್‌ಗೆ ಬೀಳುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಅದು ಸರಿಯಲ್ಲ. ಜನರಲ್ ಮೋಟರ್ಸ್‌ನ ಟರ್ಬೊ-ಹೈಡ್ರಾಮ್ಯಾಟಿಕ್ 400, ಅದೇ ಕುಟುಂಬದ 425 (ಜಿಎಂಸಿ ಮೋಟರ್‌ಹೋಮ್‌ನಲ್ಲಿರುವುದು ಇದೇ), ಡಾಡ್ಜ್ ಷಾಸಿಯಲ್ಲಿರುವ ಕ್ರೈಸ್ಲರ್‌ನ 727, ಫೋರ್ಡ್‌ನ ಸಿ6, ಈ ಎಲ್ಲ ಟ್ರಾನ್ಸ್‌ಮಿಷನ್ ಮಾದರಿಗಳಲ್ಲಿ ಕೂಲರಿನಿಂದ ಮರಳುವ ಎಣ್ಣೆಯೇ ಬುಷ್‌ಗಳಿಗೆ, ಥ್ರಸ್ಟ್ ವಾಷರುಗಳಿಗೆ, ಗೇರುಗಳಿಗೆ ಜಿಡ್ಡು ಕೊಡುವ ಎಣ್ಣೆ. ಈ ಕೆಲಸ ಮುಗಿದ ಮೇಲಷ್ಟೇ ಅದು ಪ್ಯಾನ್‌ಗೆ ಸೋರಿ ಇಳಿಯುತ್ತದೆ.

ಆದುದರಿಂದ ನಾವು ಫಿಲ್ಟರ್ ಜೋಡಿಸುತ್ತಿರುವುದು ಗೇರ್‌ಬಾಕ್ಸಿನ ಜೀವನಾಡಿಯ ನಡುವೆ. ಆ ದಾರಿ ಕಟ್ಟಿಕೊಂಡರೆ ಗೇರುಗಳು ಒಣಗಿದ ಬುಷ್‌ಗಳ ಮೇಲೆ ತಿರುಗುತ್ತವೆ. ಎಣ್ಣೆ ಸ್ವಲ್ಪ ಕೊಳೆಯಾಗಿದ್ದರೂ ಹರಿಯುತ್ತಿದ್ದರೆ ಯಂತ್ರ ಬದುಕುತ್ತದೆ. ಎಷ್ಟೇ ಶುದ್ಧವಾಗಿದ್ದರೂ ಹರಿಯದಿದ್ದರೆ ಬದುಕುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಆಯ್ಕೆಯಲ್ಲೂ ಹರಿವಿಗೆ ಮೊದಲ ಸ್ಥಾನ, ಸೋಸುವಿಕೆಗೆ ಎರಡನೆಯದು.

ಫಿಲ್ಟರನ್ನು ಕೂಲರಿಗೆ ಹೋಗುವ ಪೈಪಿನಲ್ಲಿ ಇಡಬೇಕೋ, ಮರಳುವ ಪೈಪಿನಲ್ಲೋ ಎಂಬ ವಾದ ಹಳೆಯದು. ಹೋಗುವ ಪೈಪಿನಲ್ಲಿಟ್ಟರೆ ಕೂಲರಿಗೆ ಕಸ ಸೇರದಂತೆ ಕಾಯಬಹುದು, ಎಣ್ಣೆ ಬಿಸಿಯಾಗಿ ತೆಳ್ಳಗಿರುವುದರಿಂದ ಸುಲಭವಾಗಿ ಸೋಸಿಕೊಳ್ಳುತ್ತದೆ. ಆದರೂ ಹಳೆಯ ಗಾಡಿಗಳಿಗೆ ಮರಳುವ ಪೈಪೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ದಶಕಗಳ ಕಸ ಈಗಾಗಲೇ ಕೂಲರಿನ ಒಳಗೆ ಕೂತಿರುತ್ತದೆ. ಹಿಂದೊಮ್ಮೆ ಗೇರ್‌ಬಾಕ್ಸ್ ಹಾಳಾಗಿ ದುರಸ್ತಿಯಾಗಿದ್ದರಂತೂ ಆ ಹಳೆಯ ಲೋಹದ ಪುಡಿ ಅಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಅದು ಕಳಚಿಕೊಂಡು ಹೊರಟ ದಿನ ಬುಷ್‌ಗಳನ್ನು ತಲುಪುವ ಮೊದಲು ತಡೆಯಬಲ್ಲದ್ದು ಮರಳುವ ಪೈಪಿನ ಫಿಲ್ಟರ್ ಮಾತ್ರ. ಅಲ್ಲಿ ಒತ್ತಡವೂ ಶಾಖವೂ ಕಡಿಮೆಯಿರುವುದರಿಂದ ಹೋಸ್‌ಗಳು ಹೆಚ್ಚು ಕಾಲ ಬಾಳುತ್ತವೆ. ಮುಂಭಾಗದಲ್ಲಿ ಗಾಳಿಗೊಡ್ಡುವ ಹೆಚ್ಚುವರಿ ಕೂಲರ್ ಇದ್ದರೆ ಅದನ್ನೂ ದಾಟಿದ ಮೇಲೆ, ಗೇರ್‌ಬಾಕ್ಸಿಗೆ ಹೊಕ್ಕುವ ಕೊನೆಯ ಹಂತದಲ್ಲಿ ಫಿಲ್ಟರ್ ಬರಬೇಕು.

ಯಾವ ಫಿಲ್ಟರ್

ಎರಡು ಬಗೆಯವು ಬಳಕೆಯಲ್ಲಿವೆ. ಮೊದಲನೆಯದು ಪೈಪಿನ ನಡುವೆಯೇ ಕೂರುವ ಸಣ್ಣ ಡಬ್ಬಿಯಂಥದ್ದು. ಇವುಗಳಲ್ಲಿ ಒಳಗೆ ಆಯಸ್ಕಾಂತವೂ ಬೈಪಾಸ್ ವಾಲ್ವೂ ಇರುವ ಮ್ಯಾಗ್ನೆಫೈನ್‌ನಂಥ ಫಿಲ್ಟರುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಜಾಗ ಕಡಿಮೆಯಿರುವಲ್ಲಿ, ಸರಳವಾಗಿ ಕೆಲಸ ಮುಗಿಸಬೇಕೆನ್ನುವವರಿಗೆ ಇದು ಸಾಕು. ಆದರೆ ಇದನ್ನು ಬದಲಿಸುವಾಗಲೆಲ್ಲ ಹೋಸ್ ಕಳಚಬೇಕು, ಮತ್ತು ಒಳಗೆ ಹಿಡಿದಿಡುವ ಕಸದ ಪ್ರಮಾಣ ಕಡಿಮೆ.

ಎರಡನೆಯದು ಷಾಸಿಗೆ ಬೋಲ್ಟ್ ಮಾಡುವ ಅಲ್ಯುಮಿನಿಯಂ ತಲೆಯೂ ಅದಕ್ಕೆ ತಿರುಗಿಸಿ ಕೂರಿಸುವ, ಎಂಜಿನ್ ಆಯಿಲ್ ಫಿಲ್ಟರಿನಂಥ ಡಬ್ಬಿಯೂ ಇರುವ ಜೋಡಣೆ. ಮೋಟರ್‌ಹೋಮ್‌ನಂಥ ಭಾರಿ ಗಾಡಿಗೆ ನಾನು ಇದನ್ನೇ ಆರಿಸುವೆ. ಸೋಸುವ ಕಾಗದದ ವಿಸ್ತಾರ ಹೆಚ್ಚಿರುವುದರಿಂದ ಹರಿವಿಗೆ ತಡೆ ಕಡಿಮೆ, ಬದಲಿಸುವುದು ಐದು ನಿಮಿಷದ ಕೆಲಸ, ಮತ್ತು ಬಳಸಿದ ಡಬ್ಬಿಯನ್ನು ಕತ್ತರಿಸಿ ಒಳಗೇನಿದೆ ಎಂದು ನೋಡಬಹುದು. ಈ ಕೊನೆಯ ಅನುಕೂಲವನ್ನು ಕಡೆಗಣಿಸಬಾರದು.

ಈ ಬಗೆಯ ಫಿಲ್ಟರಿನಲ್ಲಿ ಬೈಪಾಸ್ ವಾಲ್ವ್ ಎಲ್ಲಿದೆ ಎಂಬುದನ್ನು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಚಳಿಯಲ್ಲಿ ಎಣ್ಣೆ ಮಂದವಾಗಿರುವಾಗ, ಸೋಸದಿದ್ದರೂ ಸರಿ, ಎಣ್ಣೆಯನ್ನು ಮುಂದಕ್ಕೆ ಬಿಡುವುದು ಈ ವಾಲ್ವಿನ ಕೆಲಸ. ಫೋರ್ಡ್ ಎಂಜಿನ್ನುಗಳಿಗಾಗಿ ರೂಪಿಸಿದ, ಮುಕ್ಕಾಲು ಇಂಚು ಅಗಲ ಮತ್ತು ಇಂಚಿಗೆ 16 ಎಳೆಗಳ ಥ್ರೆಡ್ ಇರುವ ಡಬ್ಬಿಗಳಲ್ಲಿ ಬೈಪಾಸ್ ಡಬ್ಬಿಯೊಳಗೇ ಇರುತ್ತದೆ. ಷೆವ್ರೊಲೆಯ ಹಳೆಯ ವಿ8 ಎಂಜಿನ್ನುಗಳಲ್ಲಿ ಬೈಪಾಸ್ ಎಂಜಿನ್ನಿನ ಕಡೆಯಲ್ಲೇ ಇದ್ದುದರಿಂದ ಅವುಗಳ ಡಬ್ಬಿಗಳಲ್ಲಿ ಅದು ಇಲ್ಲದಿರಬಹುದು. ತಲೆಯಲ್ಲೂ ಇಲ್ಲದೆ ಡಬ್ಬಿಯಲ್ಲೂ ಇಲ್ಲದ ಜೋಡಣೆಯನ್ನು ಯಾವ ಕಾರಣಕ್ಕೂ ಈ ಪೈಪಿಗೆ ಹಾಕಬಾರದು.

ಡಬ್ಬಿಯೊಳಗೆ ಎಣ್ಣೆ ಹಿಂದಕ್ಕೆ ಸೋರದಂತೆ ತಡೆಯುವ ರಬ್ಬರಿನ ಪೊರೆಯೂ ಒಂದಿರುತ್ತದೆ. ಇದು ಒಂದೇ ದಿಕ್ಕಿನ ಹರಿವಿಗೆ ತೆರೆದುಕೊಳ್ಳುತ್ತದೆ. ಎಣ್ಣೆ ಸುತ್ತಲಿನ ಸಣ್ಣ ರಂಧ್ರಗಳಿಂದ ಒಳಹೊಕ್ಕು ನಡುವಿನ ದೊಡ್ಡ ರಂಧ್ರದಿಂದ ಹೊರಬರಬೇಕು. ಹೋಸ್‌ಗಳನ್ನು ಅದಲುಬದಲಾಗಿ ಜೋಡಿಸಿದರೆ ಆ ಪೊರೆ ಒಳಗಿನಿಂದ ಒತ್ತಿಕೊಂಡು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ, ಬೈಪಾಸ್ ಕೂಡ ಹಿಮ್ಮುಖವಾಗಿ ತೆರೆಯುವುದಿಲ್ಲ, ಹರಿವು ನಿಂತೇ ಹೋಗುತ್ತದೆ. ಈ ಕೆಲಸದಲ್ಲಿ ಆಗಬಹುದಾದ ಅತ್ಯಂತ ದುಬಾರಿ ತಪ್ಪು ಇದು. ತಲೆಯ ಮೇಲೆ ಒಳಬರುವ ಮತ್ತು ಹೊರಹೋಗುವ ಗುರುತುಗಳಿದ್ದರೂ ಅದನ್ನಷ್ಟೇ ನಂಬದೆ, ಒಂದು ತೂತಿನಲ್ಲಿ ಗಾಳಿ ಊದಿ ಅದು ನಡುವಿನಿಂದ ಬರುತ್ತದೋ ಅಂಚಿನಿಂದಲೋ ಎಂದು ನೀವೇ ನೋಡಿಕೊಳ್ಳಿ.

ಯಾವ ಪೈಪು ಮರಳುವ ಪೈಪು

ಜಿಎಂಸಿ ಮೋಟರ್‌ಹೋಮ್‌ನ ರೇಡಿಯೇಟರಿನಲ್ಲಿ ಎಂಜಿನ್ ಆಯಿಲಿಗೊಂದು, ಟ್ರಾನ್ಸ್‌ಮಿಷನ್ ಆಯಿಲಿಗೊಂದು ಹೀಗೆ ಎರಡು ಕೂಲರುಗಳಿರುವುದರಿಂದ, ಪೈಪುಗಳನ್ನು ರೇಡಿಯೇಟರಿನ ಕಡೆಯಿಂದ ಗುರುತಿಸಲು ಹೋದರೆ ಗೊಂದಲವಾಗುತ್ತದೆ. ಗೇರ್‌ಬಾಕ್ಸಿನಿಂದಲೇ ಕೈಯಲ್ಲಿ ಹಿಡಿದುಕೊಂಡು ಬನ್ನಿ. ನಂತರ ಗಾಡಿ ಪೂರ್ತಿ ತಣ್ಣಗಿರುವಾಗ ಎಂಜಿನ್ ಚಾಲೂ ಮಾಡಿ, ಎರಡೂ ಪೈಪುಗಳ ಶಾಖವನ್ನು ದೂರದಿಂದ ಅಳೆಯುವ ಥರ್ಮಾಮೀಟರಿನಿಂದ ಗಮನಿಸಿ. ಮೊದಲು ಬಿಸಿಯಾಗುವುದು ಹೋಗುವ ಪೈಪು, ತಡವಾಗಿ ಬಿಸಿಯಾಗುವುದು ಮರಳುವ ಪೈಪು. ಕ್ರೈಸ್ಲರ್ 727 ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ನ್ಯೂಟ್ರಲ್‌ನಲ್ಲೇ ಮಾಡಬೇಕು, ಏಕೆಂದರೆ ಹಳೆಯ 727ಗಳಲ್ಲಿ ಪಾರ್ಕ್‌ನಲ್ಲಿ ನಿಲ್ಲಿಸಿದಾಗ ಕನ್ವರ್ಟರಿಗೂ ಕೂಲರಿಗೂ ಎಣ್ಣೆ ಹೋಗುವುದೇ ಇಲ್ಲ. ಇದನ್ನರಿಯದೆ ಪಂಪು ಕೆಟ್ಟಿದೆ ಎಂದು ಗೇರ್‌ಬಾಕ್ಸ್ ಇಳಿಸಲು ಹೊರಟರೆ ದೊಡ್ಡ ಕೆಲಸ ವ್ಯರ್ಥವಾಗಿ ತಲೆಯ ಮೇಲೆ ಬರುತ್ತದೆ. ನ್ಯೂಟ್ರಲ್‌ನಲ್ಲಿ ಗಾಡಿ ಉರುಳದಂತೆ ಕೈಬ್ರೇಕನ್ನೂ ಚಕ್ರಗಳಿಗೆ ಅಡ್ಡಗಟ್ಟೆಗಳನ್ನೂ ಹಾಕಿರಲೇಬೇಕು.

ಗುರುತಿಸಿದ ಮೇಲೆ, ಏನನ್ನೂ ಜೋಡಿಸುವ ಮೊದಲು, ಹರಿವನ್ನೊಮ್ಮೆ ಅಳೆಯಿರಿ. ಎಣ್ಣೆ ಬಿಸಿಯಾದ ನಂತರ ಎಂಜಿನ್ ನಿಲ್ಲಿಸಿ, ಮರಳುವ ಪೈಪನ್ನು ಗೇರ್‌ಬಾಕ್ಸಿನ ಕಡೆ ಕಳಚಿ, ಅದಕ್ಕೊಂದು ಹೋಸ್ ಸಿಕ್ಕಿಸಿ ಅಳತೆ ಗುರುತುಗಳಿರುವ ಪಾತ್ರೆಗೆ ಇಳಿಬಿಡಿ. ಸಹಾಯಕರೊಬ್ಬರು ಎಂಜಿನ್ ಚಾಲೂ ಮಾಡಿ ನಿಧಾನಗತಿಯಲ್ಲಿ ಓಡಲು ಬಿಡಲಿ. 20ರಿಂದ 30 ಸೆಕೆಂಡಿನಲ್ಲಿ ಒಂದು ಕ್ವಾರ್ಟ್, ಅಂದರೆ ಲೀಟರಿಗೆ ತುಸು ಕಡಿಮೆ ಎಣ್ಣೆ ಬರಬೇಕೆಂಬುದು ಮೆಕ್ಯಾನಿಕ್‌ಗಳು ಬಳಸುವ ಸಾಮಾನ್ಯ ಲೆಕ್ಕ. ಅಷ್ಟು ಬಂದ ಕೂಡಲೇ ಎಂಜಿನ್ ನಿಲ್ಲಿಸಿ. ಪ್ಯಾನ್ ಬರಿದಾಗುವಷ್ಟು ಹೊತ್ತು ಓಡಿಸಬಾರದು. ಬಂದ ಎಣ್ಣೆಯ ಪ್ರಮಾಣವನ್ನೂ ತೆಗೆದುಕೊಂಡ ಸಮಯವನ್ನೂ ಬರೆದಿಡಿ. ಹರಿವು ಇದಕ್ಕಿಂತ ತೀರಾ ಕಡಿಮೆಯಿದ್ದರೆ ಕೂಲರ್ ಕಟ್ಟಿಕೊಂಡಿರಬಹುದು, ಪೈಪು ಎಲ್ಲೋ ಜಜ್ಜಿರಬಹುದು ಅಥವಾ ಪಂಪು ಸವೆದಿರಬಹುದು. ಆ ದೋಷ ಸರಿಪಡಿಸದೆ ಫಿಲ್ಟರ್ ಹಾಕಿದರೆ ಮೊದಲೇ ಕಡಿಮೆಯಿರುವ ಹರಿವು ಇನ್ನಷ್ಟು ಕುಗ್ಗುತ್ತದೆ.

ಇದೇ ಹಂತದಲ್ಲಿ ಪ್ಯಾನ್ ಇಳಿಸಿ ಒಳಗಿನ ಫಿಲ್ಟರನ್ನೂ ಬದಲಿಸಬೇಕು. ಹೊರಗಿನ ಫಿಲ್ಟರ್ ಒಳಗಿನದಕ್ಕೆ ಬದಲಿಯಲ್ಲ. ಪ್ಯಾನ್‌ನ ತಳದಲ್ಲಿ ತೆಳುವಾದ ಬೂದುಬಣ್ಣದ ಕೆಸರಿದ್ದರೆ ವಯಸ್ಸಿಗೆ ತಕ್ಕದ್ದೆಂದು ಒರೆಸಿ ಮುಂದುವರಿಯಬಹುದು. ಎಣ್ಣೆ ಸುಟ್ಟ ವಾಸನೆ ಬರುತ್ತಿದ್ದು, ತಳದಲ್ಲಿ ಹೊಳೆಯುವ ಚೂರುಗಳು ಸಿಕ್ಕರೆ ಆ ಗೇರ್‌ಬಾಕ್ಸಿಗೆ ಬೇಕಾಗಿರುವುದು ದುರಸ್ತಿ.

ಎಲ್ಲಿ ಕೂರಿಸಬೇಕು

ಜಿಎಂಸಿಯಲ್ಲಿ ಎಂಜಿನ್ ಮುಂಭಾಗದಲ್ಲಿ ಉದ್ದಕ್ಕೆ ಮಲಗಿದ್ದು, ಅದರ ಹಿಂದಿನ ಕನ್ವರ್ಟರಿನಿಂದ ಅಗಲವಾದ ಚೈನೊಂದು ಶಕ್ತಿಯನ್ನು ಪಕ್ಕಕ್ಕೆ ಒಯ್ಯುತ್ತದೆ. ಗೇರ್‌ಬಾಕ್ಸ್ ಎಂಜಿನ್ನಿನ ಎಡ ಮಗ್ಗುಲಲ್ಲಿ ಮುಂದಕ್ಕೆ ಮುಖಮಾಡಿ ಕೂತಿರುತ್ತದೆ. 1966ರ ಓಲ್ಡ್ಸ್‌ಮೊಬಿಲ್ ಟೊರೊನಾಡೊ ಕಾರಿನಲ್ಲಿ ಬಂದ ಈ ವಿನ್ಯಾಸ ಬುದ್ಧಿವಂತಿಕೆಯದೇ ಆದರೂ, ಅದರಿಂದಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗೇರ್‌ಬಾಕ್ಸಿನ ತೀರಾ ಹತ್ತಿರಕ್ಕೆ ಬರುತ್ತದೆ. ಕಾದ ಎಕ್ಸಾಸ್ಟ್ ಪೈಪಿನ ಮೇಲೆ ಟ್ರಾನ್ಸ್‌ಮಿಷನ್ ಆಯಿಲ್ ಸಿಡಿದರೆ ಹತ್ತಿ ಉರಿಯುತ್ತದೆ. ಮೋಟರ್‌ಹೋಮ್‌ನಲ್ಲಿ ಎಂಜಿನ್ ಇರುವುದು ಜನ ಕೂರುವ ಜಾಗದ ಕೆಳಗೆ, ಸುತ್ತಲೂ ಪ್ಲೈವುಡ್, ಫೋಮ್ ಮತ್ತು ಫೈಬರ್‌ಗ್ಲಾಸ್, ಹಿಂದೆ ಅಡುಗೆ ಗ್ಯಾಸಿನ ಸಿಲಿಂಡರ್. ಒಂದು ಸಡಿಲ ಕ್ಲಾಂಪಿನಿಂದ ಇಡೀ ಗಾಡಿ ಸುಟ್ಟುಹೋಗಬಹುದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಫಿಲ್ಟರಿಗೂ ಹೋಸ್‌ಗೂ ಜಾಗ ಹುಡುಕಬೇಕು. ಎಕ್ಸಾಸ್ಟಿನಿಂದ ಸಾಧ್ಯವಾದಷ್ಟು ದೂರವಿರಲಿ. ದೂರವಿಡಲಾಗದ ಕಡೆ ನಡುವೆ ಲೋಹದ ತಗಡಿನ ತಡೆ ಇರಲಿ. ಸೋರಿದರೂ ಎಣ್ಣೆ ಎಕ್ಸಾಸ್ಟಿನ ಮೇಲೆ ಬೀಳದೆ ನೆಲಕ್ಕೆ ಬೀಳುವಂತಿರಲಿ.

ಷಾಸಿಯ ಉದ್ದದ ಕಂಬಿಯ ಒಳಮಗ್ಗುಲು ಬಹುತೇಕ ಗಾಡಿಗಳಲ್ಲಿ ಒಳ್ಳೆಯ ಜಾಗ. ಡಬ್ಬಿಯ ತಳ ಷಾಸಿಯ ಕೆಳ ಅಂಚಿಗಿಂತ ಮೇಲಿರಬೇಕು, ಇಲ್ಲವಾದರೆ ರಸ್ತೆಯ ಕಲ್ಲಿಗೋ ಉಬ್ಬಿಗೋ ಅದೇ ಮೊದಲು ಸಿಗುತ್ತದೆ. ಚಕ್ರ ತಿರುಗುವ, ಸಸ್ಪೆನ್ಷನ್ ಆಡುವ, ಸ್ಟೀರಿಂಗ್ ಕಡ್ಡಿಗಳು ಓಡಾಡುವ ಜಾಗಕ್ಕೆ ಹೋಸ್ ಬರಬಾರದು. ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ ನೋಡಿ. ಡಬ್ಬಿಯನ್ನು ಬಾಯಿ ಮೇಲಾಗಿ ನೇರವಾಗಿ ನಿಲ್ಲಿಸಿದರೆ ಬದಲಿಸುವಾಗ ಎಣ್ಣೆ ಚೆಲ್ಲುವುದಿಲ್ಲ, ಹೊಸದನ್ನು ತುಂಬಿಸಿಯೇ ಕೂರಿಸಬಹುದು. ಕೆಳಗೆ ಡಬ್ಬಿ ಬಿಚ್ಚಿ ತೆಗೆಯುವಷ್ಟು ಬಯಲು ಬಿಡುವುದನ್ನು ಮರೆಯಬಾರದು.

ಹೋಸ್ ಮತ್ತು ಜೋಡಣೆಗಳು

ಪೆಟ್ರೋಲ್ ಹೋಸ್, ಹೀಟರಿನ ನೀರಿನ ಹೋಸ್ ಇವು ನೋಡಲು ಒಂದೇ ತರಹ ಇದ್ದರೂ ಬಿಸಿ ಟ್ರಾನ್ಸ್‌ಮಿಷನ್ ಆಯಿಲಿಗೆ ಕೆಲವೇ ತಿಂಗಳಲ್ಲಿ ಮೆತ್ತಗಾಗಿಯೋ ಗಡುಸಾಗಿಯೋ ಸೋರತೊಡಗುತ್ತವೆ. ಟ್ರಾನ್ಸ್‌ಮಿಷನ್ ಕೂಲರಿಗೆಂದೇ ತಯಾರಾಗುವ, ಎಸ್‌ಎಇ ಜೆ1532 ಎಂಬ ಗುರುತಿರುವ ಹೋಸನ್ನೇ ಬಳಸಿ. ಒಳ ವ್ಯಾಸ 3/8 ಇಂಚು ಇರಲಿ. ಮೂಲ ಉಕ್ಕಿನ ಪೈಪು 5/16 ಇಂಚಿನದಾಗಿದ್ದರೂ ಹೋಸ್ ತುಸು ಅಗಲವಾಗಿದ್ದರೆ ತೊಂದರೆಯಿಲ್ಲ, ಕಿರಿದಾಗಿದ್ದರೆ ತೊಂದರೆ. ನೇರ ಮೂಲೆಯ ಎಲ್ಬೋಗಳನ್ನು ಒಂದರ ಹಿಂದೊಂದು ಹಾಕಿದರೂ ಹರಿವು ಕುಗ್ಗುತ್ತದೆ. ಹೋಸ್ ಮಡಚಿಕೊಳ್ಳದಂತೆ ಅಗಲವಾದ ಬಾಗು ಕೊಡಿ, ಮತ್ತು ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಅಲುಗಾಡಿದಾಗ ಎಳೆದುಕೊಳ್ಳದಷ್ಟು ಸಡಿಲ ಬಿಡಿ.

ಮೂಲ ಪೈಪನ್ನು ಕತ್ತರಿಸಿ ನಡುವೆ ಹೋಸ್ ಸೇರಿಸುವುದು ಸುಲಭದ ದಾರಿ. ಆದರೆ ಹಳೆಯ ಗಾಡಿಗೆ ಅದರದೇ ಗೌರವವಿದೆ. ಮೂಲ ಪೈಪನ್ನು ಇಡಿಯಾಗಿ ಬಿಚ್ಚಿ ಎತ್ತಿಟ್ಟು, ಎರಡೂ ಕಡೆ ಸರಿಯಾದ ಅಡಾಪ್ಟರುಗಳಿರುವ ಹೊಸ ಹೋಸ್‌ಗಳನ್ನು ಜೋಡಿಸುವುದೇ ಉತ್ತಮ. ಮುಂದೆ ಯಾರಿಗಾದರೂ ಗಾಡಿಯನ್ನು ಮೊದಲಿನ ಸ್ಥಿತಿಗೆ ತರಬೇಕೆನಿಸಿದರೆ ಅರ್ಧ ಗಂಟೆಯಲ್ಲಿ ತರಬಹುದು. ಕತ್ತರಿಸಲೇಬೇಕಾದರೆ ಗರಗಸ ಬೇಡ, ಪೈಪ್ ಕಟರ್ ಬಳಸಿ; ಗರಗಸದ ಪುಡಿ ಒಳಗುಳಿದರೆ ಅದು ನೇರವಾಗಿ ಬುಷ್‌ಗಳಿಗೇ ಹೋಗುತ್ತದೆ. ಕತ್ತರಿಸಿದ ತುದಿಗೆ, ಪೈಪಿನ ಬಾಯಿ ಅಗಲಿಸುವ ಫ್ಲೇರ್ ಉಪಕರಣದಿಂದ ಸಣ್ಣ ಉಬ್ಬು ಮಾಡಿ, ಹೋಸ್ ಆ ಉಬ್ಬನ್ನು ದಾಟಿ ಕೂತ ಮೇಲೆ ಕ್ಲಾಂಪ್ ಬಿಗಿಯಬೇಕು. ನುಣ್ಣನೆಯ ಪೈಪಿನ ಮೇಲೆ ಬಿಗಿದ ಹೋಸ್ ಒಂದು ದಿನ ಜಾರಿ ಬರುತ್ತದೆ.

ಈ ಗಾಡಿಗಳ ಮೂಲ ಜೋಡಣೆಗಳು 45 ಡಿಗ್ರಿಯ ಒಳಮುಖ ಫ್ಲೇರ್‌ನವು. ಹೊಸದಾಗಿ ಕೊಳ್ಳುವ ರೇಸಿಂಗ್ ಬಗೆಯ ಫಿಟ್ಟಿಂಗುಗಳು ಸಾಮಾನ್ಯವಾಗಿ 37 ಡಿಗ್ರಿಯವು. ಎರಡನ್ನೂ ಒಂದಕ್ಕೊಂದು ಬಿಗಿದರೆ ಮೊದಲಿಗೆ ಹಿಡಿದಂತೆ ಕಂಡರೂ ಬಿಸಿಯಾದಾಗ ಸೋರುತ್ತವೆ. ನಡುವೆ ಸರಿಯಾದ ಅಡಾಪ್ಟರ್ ಬೇಕು. ಫ್ಲೇರ್ ಥ್ರೆಡ್ಡಿಗೆ ಯಾವ ಟೇಪೂ ಬೇಡ. ಓರೆಯಾದ ಪೈಪ್ ಥ್ರೆಡ್ಡುಗಳಿಗೆ ದ್ರವರೂಪದ ಸೀಲಂಟ್ ಹಚ್ಚಿ, ಟೆಫ್ಲಾನ್ ಟೇಪನ್ನು ದೂರವಿಡಿ, ಅದರ ಎಳೆ ಕಿತ್ತುಕೊಂಡು ಎಣ್ಣೆಯ ದಾರಿಗೆ ಅಡ್ಡ ಬರುತ್ತದೆ. ಗೇರ್‌ಬಾಕ್ಸಿನ ಮೈ ಅಲ್ಯುಮಿನಿಯಂ ಆದುದರಿಂದ ಓರೆ ಥ್ರೆಡ್ಡನ್ನು ಅತಿಯಾಗಿ ಬಿಗಿದರೆ ಬಿರುಕು ಬಿಡುತ್ತದೆ. ನಟ್ ತಿರುಗಿಸುವಾಗ ಯಾವಾಗಲೂ ಎರಡು ಸ್ಪ್ಯಾನರ್ ಬಳಸಿ. ಒಂದು ಫಿಟ್ಟಿಂಗನ್ನು ಅಲುಗದಂತೆ ಹಿಡಿದಿರಲಿ, ಇನ್ನೊಂದು ನಟ್ಟನ್ನು ತಿರುಗಿಸಲಿ.

ಜೋಡಿಸುವುದು ಮತ್ತು ಪರೀಕ್ಷಿಸುವುದು

ಗಾಡಿಯನ್ನು ಗಟ್ಟಿಯಾದ ಸಮ ನೆಲದಲ್ಲಿ ನಿಲ್ಲಿಸಿ, ಎತ್ತಿದ ಮೇಲೆ ಷಾಸಿಯ ಕೆಳಗೆ ಸಾಕಷ್ಟು ಬಲದ ಸ್ಟ್ಯಾಂಡುಗಳನ್ನಿಟ್ಟ ನಂತರವೇ ಕೆಳಗೆ ಹೋಗಿ. ಜಿಎಂಸಿಯ ಹಿಂಭಾಗ ನಿಂತಿರುವುದು ಗಾಳಿಚೀಲಗಳ ಮೇಲೆ. ಚೀಲದ ಗಾಳಿ ಯಾವ ಕ್ಷಣದಲ್ಲಾದರೂ ಇಳಿಯಬಹುದು, ಅದನ್ನು ನಂಬಿ ಯಾರೂ ಅಡಿಯಲ್ಲಿ ಮಲಗಬಾರದು.

ಫಿಲ್ಟರಿನ ತಲೆಯನ್ನು ಬಿಗಿದು, ಕೂಲರಿನಿಂದ ಬರುವ ಹೋಸನ್ನು ಒಳಬರುವ ತೂತಿಗೆ ಜೋಡಿಸಿ. ಡಬ್ಬಿಯಲ್ಲಿ ಗಾಡಿಗೆ ಹೊಂದುವ ಎಣ್ಣೆ ತುಂಬಿ, ರಬ್ಬರ್ ಗ್ಯಾಸ್ಕೆಟ್ಟಿಗೆ ಎಣ್ಣೆ ಸವರಿ, ಗ್ಯಾಸ್ಕೆಟ್ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಬಿಗಿಯಿರಿ. ಎಣ್ಣೆಯ ವಿಷಯದಲ್ಲಿ ಒಂದು ಮಾತು: ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಗೇರ್‌ಬಾಕ್ಸುಗಳಿಗೆ ಡೆಕ್ಸ್ರಾನ್ ಸರಿ, ಆದರೆ 1976ರವರೆಗಿನ ಫೋರ್ಡ್ ಸಿ6ಗೆ ಟೈಪ್ ಎಫ್ ಎಂಬ ಬೇರೆಯೇ ಎಣ್ಣೆಯನ್ನು ನಿಗದಿ ಮಾಡಲಾಗಿತ್ತು.

ಹೊರಹೋಗುವ ಹೋಸನ್ನು ಗೇರ್‌ಬಾಕ್ಸಿಗೆ ಈಗಲೇ ಜೋಡಿಸಬೇಡಿ. ಅದನ್ನು ಮೊದಲಿನ ಅಳತೆಯ ಪಾತ್ರೆಗೇ ಬಿಟ್ಟು, ಎಣ್ಣೆ ಮೊದಲಿನಷ್ಟೇ ಬಿಸಿಯಾಗಿರುವಾಗ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮೊದಲು 22 ಸೆಕೆಂಡ್ ಬೇಕಾಗಿದ್ದ ಪ್ರಮಾಣಕ್ಕೆ ಈಗ 23 ಅಥವಾ 24 ಸೆಕೆಂಡ್ ಬೇಕಾದರೆ ಫಿಲ್ಟರ್ ಹರಿವಿಗೆ ಅಡ್ಡಿಯಾಗಿಲ್ಲ ಎಂದರ್ಥ. 35 ಸೆಕೆಂಡ್ ಹಿಡಿದರೆ ಎಲ್ಲೋ ಹೋಸ್ ಮಡಚಿದೆ ಅಥವಾ ಫಿಟ್ಟಿಂಗ್ ಕಿರಿದಾಗಿದೆ. ಎಣ್ಣೆ ಬರಲೇ ಇಲ್ಲವಾದರೆ ತಕ್ಷಣ ಎಂಜಿನ್ ನಿಲ್ಲಿಸಿ, ಹೋಸ್‌ಗಳು ಅದಲುಬದಲಾಗಿವೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಆದರೆ ಇದನ್ನು ಬಿಟ್ಟು ಗಾಡಿ ಓಡಿಸುವುದನ್ನು ನಾನು ಒಪ್ಪಲಾರೆ.

ಹರಿವು ಸರಿಯಿದೆ ಎಂದು ಖಚಿತವಾದ ಮೇಲೆ ಕೊನೆಯ ಜೋಡಣೆ ಬಿಗಿದು, ಪರೀಕ್ಷೆಯಲ್ಲಿ ಹೊರತೆಗೆದ ಎಣ್ಣೆಯಷ್ಟು ಹೊಸದನ್ನು ತುಂಬಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು ಎಲ್ಲ ಗೇರುಗಳಿಗೂ ಒಮ್ಮೊಮ್ಮೆ ಹಾಕಿ. ಪ್ರತಿ ಜೋಡಣೆಯನ್ನೂ ಬಿಳಿ ಕಾಗದದಿಂದ ಒರೆಸಿ ನೋಡಿದರೆ ಕಣ್ಣಿಗೆ ಕಾಣದ ಸೋರಿಕೆಯೂ ಕೆಂಪಾಗಿ ಗೊತ್ತಾಗುತ್ತದೆ. ಡಿಪ್‌ಸ್ಟಿಕ್ ನೋಡುವುದು ಎಣ್ಣೆ ಪೂರ್ತಿ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ. ಜನರಲ್ ಮೋಟರ್ಸ್ ಮತ್ತು ಫೋರ್ಡ್‌ನಲ್ಲಿ ಪಾರ್ಕ್‌ನಲ್ಲಿ, 727ರಲ್ಲಿ ನ್ಯೂಟ್ರಲ್‌ನಲ್ಲಿ. ಮೊದಲ 30 ಕಿಲೋಮೀಟರ್ ಓಡಿಸಿದ ಮೇಲೊಮ್ಮೆ, ಮರುದಿನ ತಣ್ಣಗಿರುವಾಗಲೊಮ್ಮೆ ಕ್ಲಾಂಪುಗಳನ್ನು ಮತ್ತೆ ಬಿಗಿದು ನೋಡಿ.

ಮೊದಲ ಡಬ್ಬಿಯನ್ನು ಸುಮಾರು 800 ಕಿಲೋಮೀಟರಿಗೇ ಬದಲಿಸಿ, ಏಕೆಂದರೆ ಕೂಲರಿನ ಹಳೆಯ ಕಸ ಹೆಚ್ಚಾಗಿ ಬರುವುದು ಆಗಲೇ. ತೆಗೆದ ಡಬ್ಬಿಯನ್ನು ಫಿಲ್ಟರ್ ಕಟರ್‌ನಿಂದ ಬಿಚ್ಚಿ, ಕಾಗದವನ್ನು ಹರಡಿ, ಹಿಂಡಿ, ಬೆಳಕಿನಲ್ಲಿ ನೋಡಿ. ಕಪ್ಪು ನುಣುಪು ಹುಡಿ ಕ್ಲಚ್ಚಿನದು, ಸ್ವಲ್ಪವಿದ್ದರೆ ಸಹಜ. ಆಯಸ್ಕಾಂತಕ್ಕೆ ಅಂಟುವುದು ಉಕ್ಕು. ಅಂಟದೆ ಬೆಳ್ಳಗೆ ಹೊಳೆಯುವುದು ಅಲ್ಯುಮಿನಿಯಂ. ಹಳದಿಯಾಗಿ ಹೊಳೆಯುವುದು ಬುಷ್ ಅಥವಾ ಥ್ರಸ್ಟ್ ವಾಷರಿನ ಕಂಚು. ಎರಡನೆಯ ಡಬ್ಬಿಯಲ್ಲೂ ಮೂರನೆಯದರಲ್ಲೂ ಹಳದಿ ಚೂರು ಹೆಚ್ಚುತ್ತಲೇ ಹೋದರೆ ದೂರದ ಪ್ರಯಾಣ ಹೊರಡುವ ಮೊದಲು ಗೇರ್‌ಬಾಕ್ಸ್ ಇಳಿಸಿ ನೋಡಬೇಕು. ಪ್ರತಿ ಡಬ್ಬಿಯ ಮೇಲೂ ಹಾಕಿದ ದಿನಾಂಕವನ್ನೂ ಓಡೊಮೀಟರಿನ ಅಂಕಿಯನ್ನೂ ಬರೆದು, ಬಿಚ್ಚಿದ ಕಾಗದದ ಒಂದು ತುಂಡನ್ನು ಅದೇ ಗುರುತಿನೊಂದಿಗೆ ಎತ್ತಿಟ್ಟರೆ, ಮುಂದಿನ ಸಲ ಹೋಲಿಸಿ ನೋಡಲು ಅದು ಕೈಯಲ್ಲಿರುತ್ತದೆ.